ಮೂರು ಅಂಗಡಿಯ ಸ್ಪ್ರಿಂಗು, ಒಂದು ಖಾಲಿ ಸೀಟು

ಇಷ್ಟು ವರ್ಷ ದಾದರಿನಲ್ಲಿ ಪಾತ್ರೆ ಮಾರಿದವನಿಗೆ ಆಯಾಸ ಮೈಯ ಯಾವ ಭಾಗದಿಂದ ಶುರುವಾಗುತ್ತದೆ ಎಂದು ಯಾರಾದರೂ ಕೇಳಿದ್ದರೆ, ಮೊಣಕಾಲಿನಿಂದ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ಈಗ ಗೊತ್ತಾಗಿದೆ, ಅದು ನಾಲಿಗೆಯಿಂದ ಶುರುವಾಗುತ್ತದೆ. ನನ್ನ ನಾಲಿಗೆಗೆ ಎರಡೇ ಕೆಲಸ. ಒಂದು, ಚೌಕಾಸಿ ಮಾಡುವುದು. ಎರಡು, ಸಲಹೆ ಕೊಡುವುದು. ಮೊದಲನೆಯದರಿಂದ ನಾನು ಅನ್ನ ತಿಂದಿದ್ದೇನೆ, ಎರಡನೆಯದನ್ನು ಪುಕ್ಕಟೆಯಾಗಿ ಊರಿಗೆಲ್ಲ ಹಂಚಿದ್ದೇನೆ. ಯಾವ ಹೋಟೆಲಿನವನು ಯಾವ ಗಾತ್ರದ ಇಡ್ಲಿ ಪಾತ್ರೆ ಕೊಳ್ಳಬೇಕು ಎಂಬಲ್ಲಿಂದ ಹಿಡಿದು, ಯಾರ ಮಗ ಯಾವ ಕಾಲೇಜು ಸೇರಬೇಕು, ಯಾರು ಹಲ್ಲು ಕೀಳಿಸಬೇಕು, ಯಾರು ಕೀಳಿಸದೆ ಸುಮ್ಮನಿರಬೇಕು ಎಂಬಲ್ಲಿಯವರೆಗೆ ನಾನು ಹೇಳದೆ ಬಿಟ್ಟ ವಿಷಯವಿಲ್ಲ. ಈಗ ಕಾರಿನ ಸ್ಪ್ರಿಂಗಿನ ಬಗ್ಗೆಯೂ ಹೇಳಬಲ್ಲೆ. ಮುಂಬಯಿಯಲ್ಲಿ ಯಾರಾದರೂ ನೆಲಕ್ಕೆ ತಾಗುವಂಥ ತಗ್ಗು ಕಾರನ್ನು ದಿನಾಲೂ ಓಡಿಸುತ್ತ, ಅದಕ್ಕೆ ಯಾವ ಸ್ಪ್ರಿಂಗು, ಕುಲುಕು ತಡೆಯುವ ಯಾವ ಶಾಕಪ್ಪು ಹಾಕಿಸಲಿ ಎಂದು ತಲೆ ಕೆಡಿಸಿಕೊಂಡಿದ್ದರೆ ಅವರು ನನ್ನ ಅಂಗಡಿಗೆ ಬರಲಿ. ಟೀ ಕುಡಿಸಿ, ಕೂರಿಸಿ ಹೇಳುತ್ತೇನೆ. ಆದರೆ ನನ್ನ ಹೆಂಡತಿ ಜಲಜ ಅಲ್ಲಿ ಇಲ್ಲದ ಹೊತ್ತು ನೋಡಿ ಬನ್ನಿ.

ನಮ್ಮ ಹಳೆಯ ಕಾರು ಇಪ್ಪತ್ತು ವರ್ಷ ದುಡಿದು ಸುಮ್ಮನಾದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದೆ. ಬಾಂದ್ರಾದಲ್ಲಿ ಒಬ್ಬ ತರುಣ ಮಾರುತ್ತಾನೆಂದು ತಿಳಿದು ಹೋದೆ. ಕಾರು ನೋಡಿ ಮೊದಲು ನನಗೆ ಅದರ ನಾಲ್ಕೂ ಟಯರು ಪಂಕ್ಚರಾಗಿವೆ ಅನಿಸಿತು. ಅಷ್ಟು ತಗ್ಗು. ಚಕ್ರದ ಅರ್ಧ ಭಾಗ ಬಾಡಿಯ ಒಳಗೆ ಹೋಗಿತ್ತು. "ಅಂಕಲ್, ಲೋವರ್ ಮಾಡಿಸಿದ್ದು. ಖಾಸ್ ಸ್ಟೈಲ್" ಎಂದ ಅವನು. ನನ್ನೊಳಗಿನ ವ್ಯಾಪಾರಿ ತಟ್ಟನೆ ಎದ್ದು ಕೂತ. ಒಂದು ವಸ್ತುವಿನಲ್ಲಿ ಕಣ್ಣಿಗೆ ಕಾಣುವ ಐಬು ಇದ್ದರೆ ಅರ್ಧ ವ್ಯಾಪಾರ ಗೆದ್ದಂತೆ. ಬೋಗುಣಿಯಲ್ಲಿ ಸಣ್ಣ ನೆಗ್ಗು ಇದ್ದರೆ ಅದನ್ನೇ ಮುಂದಿಟ್ಟು ನಾನು ಇಡೀ ಗಂಟಿನ ಬೆಲೆ ಇಳಿಸಿದವನು. ಕಾರಿನ ಸುತ್ತ ಮೂರು ಸುತ್ತು ಬಂದೆ, ಬಗ್ಗಿ ನೋಡಿದೆ, ಲೊಚಗುಟ್ಟಿದೆ, ಹೆಣ ನೋಡಿದವನ ಹಾಗೆ ತಲೆ ಅಲ್ಲಾಡಿಸಿದೆ, ಎರಡು ಸಲ ರಿಕ್ಷಾ ಹಿಡಿಯಲು ಹೊರಟವನಂತೆ ರಸ್ತೆಗೆ ಇಳಿದೆ. ಎರಡನೆಯ ಸಲ ಅವನು ಹಿಂದಿನಿಂದ ಕೂಗಿದ. ಆ ಕೂಗು ಕೇಳುವ ಸುಖ ಏನೆಂದು ಚೌಕಾಸಿ ಮಾಡದವರಿಗೆ ಹೇಳಿ ತಿಳಿಸಲಾಗದು. ಕೇಳಿದ ಬೆಲೆಗಿಂತ ಬಹಳ ಕಡಿಮೆಗೆ ಕಾರು ತಂದೆ. ತಗ್ಗಿನ ಹೆಸರು ಹೇಳಿ ಬೆಲೆ ಇಳಿಸಿದವನು ಆಮೇಲೆ ಆ ತಗ್ಗಿನಲ್ಲೇ ಕೂತು ದಿನಾ ದಾದರಿಗೆ ಹೋಗಬೇಕು ಎಂಬುದು ಮಾತ್ರ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಮೊದಲ ಹಂಪಿನ ಮೇಲೆ ಕಾರಿನ ಹೊಟ್ಟೆ 'ಕರ್ರ್' ಎಂದಾಗ ಹೊಳೆಯಿತು.

ತಗ್ಗು ಕಾರಿನಲ್ಲಿ ಕೂರುವುದೆಂದರೆ ಮದುವೆಮನೆಯಲ್ಲಿ ಪಂಕ್ತಿಗೆ ಕೂತ ಹಾಗೆ. ಕೂರುವಾಗ ನೆಲ ಎಲ್ಲಿದೆ ಎಂದು ಕೈಯಲ್ಲಿ ತಡಕಬೇಕು, ಏಳುವಾಗ ಪಕ್ಕದವರ ಭುಜ ಬೇಕು. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ರಿಕ್ಷಾದವನು ನಮ್ಮನ್ನು ಬಾವಿ ಇಣುಕಿ ನೋಡಿದಂತೆ ನೋಡುತ್ತಾನೆ. ಆರು ತಿಂಗಳಲ್ಲಿ ಪಾರ್ಲೆಯಿಂದ ದಾದರಿನವರೆಗಿನ ಪ್ರತಿಯೊಂದು ಹಂಪು, ಪ್ರತಿಯೊಂದು ಹೊಂಡ ನನಗೆ ನೆಂಟರ ಹಾಗೆ ಪರಿಚಯವಾದವು. ಯಾವುದನ್ನು ನೇರವಾಗಿ ಹತ್ತಬೇಕು, ಯಾವುದನ್ನು ಓರೆಯಾಗಿ ಒಂದೊಂದೇ ಚಕ್ರ ಎತ್ತಿ ದಾಟಬೇಕು, ಮಳೆ ನೀರು ನಿಂತಾಗ ಯಾವುದರ ಎದುರು ದೇವರ ಹೆಸರು ಹೇಳಬೇಕು ಎಲ್ಲ ಬಾಯಿಪಾಠ. ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ನಮ್ಮ ಗೇಟಿನಲ್ಲಿ ಅವರನ್ನು ಇಳಿಸಿ, ಕಾರು ಹಂಪು ದಾಟಿದ ಮೇಲೆ ಮತ್ತೆ ಹತ್ತಿಸಿಕೊಳ್ಳಬೇಕು. ಒಮ್ಮೆ ಒಬ್ಬ ಹಿರಿಯ ಹೋಟೆಲ್ ಮಾಲೀಕರನ್ನು ಮನೆಗೆ ಊಟಕ್ಕೆ ಕರೆದುತಂದು ಗೇಟಿನಲ್ಲಿ, "ಅಣ್ಣ, ಸ್ವಲ್ಪ ಇಳೀರಿ" ಎಂದೆ. ಅವರು ಮನೆ ಬಂತೆಂದು ಇಳಿದರು. ನಾನು ಹಂಪು ದಾಟಿ, "ಹತ್ತಿ ಅಣ್ಣ" ಎಂದೆ. ಅವರು ನನ್ನನ್ನು ಒಂದು ಥರ ನೋಡಿ ನಡೆದೇ ಬಂದರು. ಆಮೇಲೆ ಅವರು ಪಾತ್ರೆ ಕೊಂಡದ್ದು ಬೇರೆಯವರ ಹತ್ತಿರ.

ಇಷ್ಟಾದರೂ ನಾನು ಸಹಿಸುತ್ತಿದ್ದೆ. ಸಹಿಸದವಳು ಜಲಜ. ಅವಳಿಗೆ ಬಾಂದ್ರಾದ ಒಂದು ಆಫೀಸಿನಲ್ಲಿ ಕೆಲಸ. ಮದುವೆಯಾದ ಮೇಲೆ, ಹಳೆಯ ಕಾರು ಬಂದ ದಿನದಿಂದ, ಬೆಳಿಗ್ಗೆ ಅವಳನ್ನು ಬಾಂದ್ರಾದಲ್ಲಿ ಇಳಿಸಿ ನಾನು ದಾದರಿಗೆ ಹೋಗುವುದು ವಾಡಿಕೆ. ನಾನು ಮನೆಗೆ ಮರಳುವಷ್ಟರಲ್ಲಿ ಅವಳಿಗೆ ನಿದ್ದೆ, ಭಾನುವಾರ ನನಗೆ ನಿದ್ದೆ. ಹಾಗಾಗಿ ನಮ್ಮ ದಾಂಪತ್ಯವೆಲ್ಲ ನಡೆದದ್ದು ಹೈವೇಯ ಟ್ರಾಫಿಕ್ಕಿನಲ್ಲಿ, ಮುಕ್ಕಾಲು ಗಂಟೆಯ ಆ ಮುಂದಿನ ಎರಡು ಸೀಟುಗಳಲ್ಲಿ. ನಮ್ಮ ಮಗಳ ಹೆಸರು ಇಟ್ಟದ್ದು ಸಾಂತಾಕ್ರೂಜಿನ ಜಾಮಿನಲ್ಲಿ. ಫ್ಲ್ಯಾಟು ಕೊಳ್ಳುವುದೆಂದು ತೀರ್ಮಾನಿಸಿದ್ದು ಖಾರ್ ದಾಟುವಾಗ. ಜಗಳಗಳ ಲೆಕ್ಕವಿಲ್ಲ, ಬಾಂದ್ರಾ ಹತ್ತಿರ ಬರುತ್ತಿದ್ದಂತೆ ಇಳಿಯುವ ಅವಸರಕ್ಕೆ ಅವೆಲ್ಲ ತಾವಾಗಿಯೇ ಮುಗಿಯುತ್ತಿದ್ದವು. ಜಗಳಕ್ಕೆ ಒಂದು ಕೊನೆಯ ಸ್ಟಾಪು ಇರಬೇಕು ಎಂಬುದು ಮದುವೆಯಾಗುವವರಿಗೆ ನನ್ನ ಸಲಹೆ.

ಹೊಸ ಕಾರು ಬಂದ ಮೇಲೆ ಆ ಮುಕ್ಕಾಲು ಗಂಟೆಯಲ್ಲಿ ಅವಳ ಬಾಯಿಂದ ಬರುತ್ತಿದ್ದದ್ದು "ಅಯ್ಯೋ", "ಅಮ್ಮಾ", "ಕಾಣಿ, ಹೊಂಡ!" ಎಂಬ ಮೂರೇ ಮಾತು. ಕುಂದಾಪುರದ ಕಡೆಯವಳು, ಮುಂಬಯಿಗೆ ಬಂದು ಇಷ್ಟು ಕಾಲವಾದರೂ ಸಿಟ್ಟು ಬಂದಾಗ, ನೋವಾದಾಗ ಊರ ಮಾತೇ ಬರುತ್ತದೆ. ಒಂದು ಬೆಳಿಗ್ಗೆ ಮೆಟ್ರೋ ಕೆಲಸದವರು ಅಗೆದು ಮುಚ್ಚಿದ ಜಾಗದಲ್ಲಿ ಕಾರು ಎಷ್ಟು ಜೋರಾಗಿ ನೆಲಕ್ಕೆ ಬಡಿಯಿತೆಂದರೆ ಅವಳ ಊಟದ ಡಬ್ಬಿಯ ಮುಚ್ಚಳ ಹಾರಿ ಹುಳಿ ಸೀರೆಗೆ ಚೆಲ್ಲಿತು. ಅವಳು ಕೂಗಾಡಲಿಲ್ಲ. ಅದೇ ನನಗೆ ಭಯವಾದದ್ದು. ಕರವಸ್ತ್ರದಿಂದ ಸೀರೆ ಒರೆಸಿಕೊಂಡು, "ಹ್ವಾಯ್, ನಾಳೆಯಿಂದ ನಾನ್ ಟ್ರೈನಂಗೆ ಹೋತೆ" ಎಂದಳು.

"ಒಂದು ಹೊಂಡಕ್ಕೆ ಇಷ್ಟೆಲ್ಲಾ ಯಾಕೆ? ನಿನ್ನ ಬದಿಗೆ ಒಂದು ದಿಂಬು ಹಾಕುವ."

"ದಿಂಬ್ ಹಾಕಿ ನೀವೇ ಕೂಕಣಿ. ಡಾಕ್ಟ್ರು ಬೆನ್ನ್ ಜಾಗ್ರತೆ ಅಂದ್ ಹೇಳಿ ಎರಡ್ ತಿಂಗ್ಳಾಯ್ತ್. ಹೇಳ್ರೆ ನೀವ್ ಕೇಂತ್ರಾ? ಈ ಕಾರಂಗೆ ಇನ್ ನಾನ್ ಕೂಕಂತಿಲ್ಲೆ. ಮುಗೀತ್."

ಮರುದಿನ ಅವಳು ಲೋಕಲ್ಲಿನ ಪಾಸು ಮಾಡಿಸಿಕೊಂಡಳು. ನಾನು ಒಂದು ವಾರದಲ್ಲಿ ಸರಿಹೋಗುತ್ತಾಳೆ ಎಂದುಕೊಂಡೆ. ಗಿರಾಕಿ ಎದ್ದು ಹೋದರೆ ಕರೆಯಬಾರದು, ಅವನೇ ತಿರುಗಿ ಬರುತ್ತಾನೆ ಎಂಬುದು ಅಂಗಡಿಯಲ್ಲಿ ನಾನು ಕಲಿತ ಪಾಠ. ಅವಳು ತಿರುಗಿ ಬರಲಿಲ್ಲ. ಎರಡನೆಯ ವಾರ ನನಗೆ ಗೊತ್ತಾಯಿತು, ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ನನಗೆ ಗೊತ್ತಿಲ್ಲ. ಮಗಳು ಪ್ರಾಪ್ತಿ ಕಾಲೇಜಿನಲ್ಲಿ ಒಂದು ವಿಷಯ ಬಿಟ್ಟು ಇನ್ನೊಂದು ತೆಗೆದುಕೊಂಡಿದ್ದಾಳೆ ಎಂಬುದನ್ನು ಲಿಫ್ಟಿನಲ್ಲಿ ಮೂರನೆಯ ಮಹಡಿಯವರು ಹೇಳಿದರು. ಜಲಜಳಿಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿ ಹತ್ತು ದಿನವಾಗಿತ್ತು. ಫ್ರಿಜ್ಜಿನಲ್ಲಿದ್ದ ಪೇಡೆಯ ಪೆಟ್ಟಿಗೆಯಲ್ಲಿ ಉಳಿದದ್ದೊಂದನ್ನು ಬಾಯಿಗೆ ಹಾಕಿಕೊಂಡು, "ಯಾರ ಮನೆಯ ಪೇಡೆ?" ಎಂದು ಕೇಳಿದ್ದು ನಾನೇ. ದಿನಾ ಬೆಳಿಗ್ಗೆ ಪಕ್ಕದ ಖಾಲಿ ಸೀಟಿನಲ್ಲಿ ಸ್ಟೀಲಿನ ಸ್ಯಾಂಪಲ್ ಲೋಟಗಳ ಚೀಲ ಇಟ್ಟುಕೊಂಡು ಹೋಗುತ್ತಿದ್ದೆ. ಅದು ಹೊಂಡ ಬಂದಾಗಲೆಲ್ಲ ಗಲಗಲ ಎನ್ನುತ್ತಿತ್ತು. ಮಾತಾಡಲು ಇದ್ದದ್ದು ಅದೊಂದೇ.

ಕೊನೆಗೆ ಕಾರನ್ನು ಮಲ್ಲಪ್ಪನ ಗ್ಯಾರೇಜಿಗೆ ಒಯ್ದೆ. ಮಲ್ಲಪ್ಪ ವಿಜಯಪುರದ ಕಡೆಯವನು. ರಸ್ತೆ ಕೆಲಸಕ್ಕೆಂದು ಈ ಊರಿಗೆ ಬಂದು, ರೋಲರ್ ರಿಪೇರಿ ಕಲಿತು, ಅಲ್ಲಿಂದ ಕಾರಿಗೆ ಏರಿ, ಈಗ ಪಾರ್ಲೆ ಪೂರ್ವದಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಕಾರನ್ನು ಜಾಕಿನ ಮೇಲೆ ಎತ್ತಿ, ಟಾರ್ಚು ಹಾಕಿ ಒಳಗೆ ನೋಡಿದವನು ಹೊರಗೆ ಬಂದು ಕೈ ಒರೆಸಿಕೊಂಡ.

"ಸಾಹೇಬ್ರ, ಇದನ್ನ ನಿಮಗ ಮಾರಿದಾಂವ ಇನ್ನೂ ಊರಾಗ ಅದಾನೇನ್ರಿ?"

"ಯಾಕಪ್ಪ?"

"ಸ್ಪ್ರಿಂಗ್ ಬದಲಿ ಮಾಡಿಲ್ರಿ. ಕಂಪನಿ ಸ್ಪ್ರಿಂಗಿಗೇ ಗ್ರೈಂಡರ್ ಹಚ್ಚಿ ಕೊಯ್ದಾರ. ಎರಡ ಸುತ್ತ ಕಡಿಮಿ ಐತಿ. ಶಾಕಪ್ಪಿಗೆ ಆಡಾಕ ಜಾಗಾನ ಇಲ್ಲ, ಸತ್ತು ಎಷ್ಟ ದಿನ ಆತೋ ಏನೋ, ಎಣ್ಣಿ ಪೂರಾ ಸೋರಿ ಹೋಗೇತಿ. ನೀವು ಇಷ್ಟ ದಿನ ಸ್ಪ್ರಿಂಗ್ ಮ್ಯಾಲೆ ಕುಂತಿಲ್ರಿ, ಕಬ್ಬಿಣದ ಮ್ಯಾಲೆ ಕುಂತೀರಿ."

ಹಾಗಾದರೆ ಏನು ಮಾಡಬೇಕು ಎಂದೆ. ಮಲ್ಲಪ್ಪ ಬೆರಳು ಮಡಚಿ ಹೇಳಿದ. ಗಾಳಿ ತುಂಬಿ ಏರಿಸುವ ಇಳಿಸುವ ಸಾಮಾನು ಬರುತ್ತದೆ, ಅದು ಸಿನಿಮಾದವರಿಗೆ, ನಿಮಗಲ್ಲ. ಸ್ಕ್ರೂ ತಿರುಗಿಸಿ ಎತ್ತರ ಬದಲಿಸುವ ಸೆಟ್ಟು ಬರುತ್ತದೆ, ಅದು ಚೆನ್ನ, ಆದರೆ ಈ ಊರಿನ ಮಳೆ ಮಣ್ಣಿಗೆ ಎರಡು ವರ್ಷದಲ್ಲಿ ಸ್ಕ್ರೂ ಹಿಡಿದುಕೊಳ್ಳುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವ ತಾಳ್ಮೆ ಬೇಕು. ಇನ್ನೊಂದು, ಕಂಪನಿ ಎತ್ತರಕ್ಕಿಂತ ಬೆರಳಷ್ಟು ತಗ್ಗಿರುವ ಸ್ಪ್ರಿಂಗು, ಅದಕ್ಕೇ ಅಳತೆ ಮಾಡಿದ ಶಾಕಪ್ಪು, ಎರಡೂ ಕೂಡಿದ ಸೆಟ್ಟು. ಎಲ್ಲಕ್ಕಿಂತ ಸುಲಭ, ಮೊದಲಿನ ಹಾಗೆ ಕಂಪನಿಯದೇ ಹಾಕಿ ಗಾಡಿಯನ್ನು ಎತ್ತಿಬಿಡುವುದು. "ಯಾವುದರ ತಗೋರಿ, ನಾಲ್ಕೂ ಗಾಲಿಗೆ ಒಂದ ಸೆಟ್ ತಗೋರಿ. ಸ್ಪ್ರಿಂಗು ಶಾಕಪ್ಪು ಅಂದ್ರ ಗಂಡ ಹೆಂಡ್ತಿ ಇದ್ದಂಗ. ಒಂದು ಮ್ಯಾಲಕ್ಕ ಒಗಿತೈತಿ, ಇನ್ನೊಂದು ಹಿಡಿತೈತಿ. ಹೊಂದಿಕಿ ಇಲ್ಲಂದ್ರ ಕುಂತಾವ್ರಿಗೆ ಸುಖ ಇಲ್ಲ" ಎಂದ.

ಮಾತು ಎದೆಗೆ ನಾಟಿತು. ಕಂಪನಿಯದನ್ನೇ ಹಾಕಿಸುವುದೆಂದು ಮನೆಯಲ್ಲಿ ಹೇಳಿದಾಗ ಪ್ರಾಪ್ತಿ ಮೊಬೈಲಿನಿಂದ ತಲೆ ಎತ್ತಿದಳು. ಆ ಕಾರಿನ ಬಗ್ಗೆ ಮನೆಯಲ್ಲಿ ಹೆಮ್ಮೆ ಇದ್ದದ್ದು ಅವಳೊಬ್ಬಳಿಗೆ. "ನೋ ಪಪ್ಪಾ, ಪ್ಲೀಸ್! ಎತ್ತರ ಮಾಡ್ಬೇಡ ಯಾ. ಮತ್ತೆ ಅದು ಅಂಕಲ್ ಲೋಗ್ ಕಾ ಗಾಡಿ ಆಗ್ತದೆ."

"ನಾನು ಅಂಕಲ್ಲೇ ಅಲ್ವಾ?"

"ಹಾಂ, ಬಟ್ ಗಾಡಿ ಸೇ ಪತಾ ನಹೀ ಚಲ್ತಾ ನಾ" ಎಂದಳು, ಗಾಡಿ ನೋಡಿದರೆ ಅದು ಗೊತ್ತಾಗುವುದಿಲ್ಲವಲ್ಲ ಎಂಬ ಅರ್ಥದಲ್ಲಿ.

ಮಗಳಿಗಾಗಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ಇಲ್ಲಿಯವರೆಗೆ ಒಪ್ಪಿಕೊಂಡವನು ಇದನ್ನೂ ಒಪ್ಪಿಕೊಳ್ಳುತ್ತೇನೆ: ನನಗೂ ಆ ತಗ್ಗು ಹಿಡಿಸಿಬಿಟ್ಟಿತ್ತು. ಸಿಗ್ನಲ್ಲಿನಲ್ಲಿ ಬೈಕಿನ ಹುಡುಗರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಇಡ್ಲಿ ಪಾತ್ರೆ ಮಾರುವವನಿಗೆ ಯಾರು ಹೆಬ್ಬೆರಳು ತೋರಿಸುತ್ತಾರೆ? ಅಲ್ಲದೆ, ತಗ್ಗು ಕಾರು ರಸ್ತೆಗೆ ಕಚ್ಚಿಕೊಂಡು ಓಡುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂದು ನಾನು ದಾದರಿನ ಗೆಳೆಯರಿಗೆಲ್ಲ ಭಾಷಣ ಕೊಟ್ಟಾಗಿತ್ತು. ಒಬ್ಬ ಪಾಪದವನು ನನ್ನ ಮಾತು ನಂಬಿ ತನ್ನದನ್ನೂ ತಗ್ಗಿಸಿಕೊಂಡಿದ್ದ. ಹೀಗಾಗಿ ಮಲ್ಲಪ್ಪ ಹೇಳಿದ ಬೆರಳಷ್ಟು ತಗ್ಗಿನ ಸೆಟ್ಟೇ ಆಗಲಿ, ಮಗಳಿಗೂ ಆಯಿತು, ಹೆಂಡತಿಗೂ ಆಯಿತು, ನನ್ನ ಮರ್ಯಾದೆಗೂ ಆಯಿತು ಎಂದುಕೊಂಡು ಸ್ಪೇರ್ ಪಾರ್ಟಿನ ಬಜಾರಿಗೆ ಹೊರಟೆ.

ಇಲ್ಲಿ ನಮ್ಮ ಪಾತ್ರೆ ದಂಧೆಯ ಒಂದು ಗುಟ್ಟು ಹೇಳಬೇಕು. ಪಾತ್ರೆಯನ್ನೂ ಮುಚ್ಚಳವನ್ನೂ ನಾವು ಯಾವತ್ತೂ ಒಂದೇ ಕಡೆ ಕೊಳ್ಳುವುದಿಲ್ಲ. ಪಾತ್ರೆ ಮಾಡುವವನು ಮುಚ್ಚಳಕ್ಕೆ ಸುಮ್ಮನೆ ಬೆಲೆ ಏರಿಸಿರುತ್ತಾನೆ. ಮುಚ್ಚಳವನ್ನೇ ಮಾಡುವವರು ಬೇರೆ ಇದ್ದಾರೆ, ಹಿಡಿಕೆ ಹಾಕುವವರು ಇನ್ನೂ ಬೇರೆ. ಸೆಟ್ಟನ್ನು ಒಡೆದು ಮೂರು ಕಡೆ ಮೂರು ಚೌಕಾಸಿ ಮಾಡಿದವನು ಬದುಕುತ್ತಾನೆ, ಸೆಟ್ಟು ಕೊಂಡವನು ಮುಳುಗುತ್ತಾನೆ. ನಾನು ಸೊನ್ನೆಯಿಂದ ಇಲ್ಲಿಯವರೆಗೆ ಬಂದದ್ದೇ ಸೆಟ್ಟು ಒಡೆದು. ಬಜಾರಿನ ಮೊದಲ ಅಂಗಡಿಯವನು ಪೂರ್ತಿ ಸೆಟ್ಟಿನ ಬೆಲೆ ಹೇಳಿದ ಕೂಡಲೇ ಬರೀ ಮುಂದಿನ ಸ್ಪ್ರಿಂಗು ಎಷ್ಟಕ್ಕೆ ಎಂಬ ಪ್ರಶ್ನೆ ನನ್ನ ಬಾಯಿಂದ ತಾನಾಗಿ ಬಂತು, "ಸಿರ್ಫ್ ಆಗೇ ಕಾ ಸ್ಪ್ರಿಂಗ್ ಕಿತನೇ ಮೇಂ ದೋಗೇ?"

ಅಂಗಡಿಯವನು ಬಿಳಿ ಗಡ್ಡದ ಮುದುಕ. ಕನ್ನಡಕ ಹಣೆಗೇರಿಸಿ, "ಸೇಠ್, ಸೆಟ್ ಮತ್ ತೋಡೋ. ಬಾದ್ ಮೇಂ ಗಾಡಿ ಝಗಡಾ ಕರೇಗೀ" ಎಂದ.

ಒಡೆದರೆ ಕಾರು ಜಗಳವಾಡುತ್ತದೆಯಂತೆ! ಮಾರುವವನು ಹೀಗೆ ಹೆದರಿಸುವುದು ನನಗೆ ಹೊಸದೇ? ನಾನೇ ದಿನಾ ಹೆದರಿಸುತ್ತೇನೆ. ಒಂದು ಗಂಟೆ ಎಳೆದಾಡಿ ಮುಂದಿನ ಎರಡು ಸ್ಪ್ರಿಂಗು ಅವನ ಹತ್ತಿರ ತೆಗೆದುಕೊಂಡೆ. ಹಿಂದಿನ ಎರಡು, ರಸ್ತೆಯ ಆಚೆಯ ಅಂಗಡಿಯಲ್ಲಿ, ಬೇರೆ ಕಂಪನಿಯದು, ಎತ್ತರ ಒಂದೇ ಎಂದು ಗೇಣು ಹಾಕಿ ಅಳೆದು ನೋಡಿದೆ. ಶಾಕಪ್ಪು ನಾಲ್ಕು, ಗಲ್ಲಿಯ ಕೊನೆಯಲ್ಲಿ, ಅಂಗಡಿ ಮುಚ್ಚಲಿದ್ದವನೊಬ್ಬನ ಹತ್ತಿರ. ಅವು ಯಾವ ಮಾಡೆಲಿನ ಕಾರಿನವು ಎಂದು ಅವನೂ ಖಚಿತವಾಗಿ ಹೇಳಲಿಲ್ಲ, ನಾನೂ ಖಚಿತವಾಗಿ ಕೇಳಲಿಲ್ಲ. "ಬೈಠ್ ಜಾಯೇಗಾ", ಹೇಗೋ ಕೂತುಕೊಳ್ಳುತ್ತದೆ, ಎಂದ. ಮುಂಬಯಿಯಲ್ಲಿ ಈ ಮಾತಿನ ಮೇಲೆ ಎಷ್ಟೋ ಬಿಲ್ಡಿಂಗುಗಳೇ ನಿಂತಿವೆ, ನಾಲ್ಕು ಶಾಕಪ್ಪು ನಿಲ್ಲಲಾರವೇ? ಎಂಟು ತುಂಡು ಕಬ್ಬಿಣ ಹೊತ್ತು ಬಿಸಿಲಿನಲ್ಲಿ ನಡೆಯುವಾಗ ಭುಜ ಇಳಿದುಹೋಗುತ್ತಿತ್ತು, ಆದರೆ ಮನಸ್ಸು ಹಬ್ಬ ಮಾಡುತ್ತಿತ್ತು.

ಮಲ್ಲಪ್ಪ ಎಂಟೂ ತುಂಡುಗಳನ್ನು ನೆಲದ ಮೇಲೆ ಸಾಲಾಗಿಟ್ಟು ಸೊಂಟಕ್ಕೆ ಕೈಕೊಟ್ಟು ನಿಂತ. "ಏನ್ರೀ ಇದು, ಭಾಂಡೆ ಅಂಗಡಿ?"

"ಎತ್ತರ ಸರಿ ಇದೆ, ಅಳೆದೇ ತಂದಿದ್ದೇನೆ."

"ಎತ್ತರ ಅಳದ್ರಿ, ಗಟ್ಟಿ ಎಷ್ಟು ಅಂತ ಯಾರು ಅಳಿಬೇಕ್ರಿ? ಮುಂದಿನದು ಕಲ್ಲು, ಹಿಂದಿನದು ಬೆಣ್ಣಿ ಇದ್ರ? ನಾ ಹಾಕಂಗಿಲ್ಲ."

ಅವನೊಡನೆಯೂ ಚೌಕಾಸಿ ಮಾಡಿದೆ. ಹಾಕಿ ನೋಡು, ಸರಿಬರದಿದ್ದರೆ ನಿನ್ನ ಮಾತು ಕೇಳುತ್ತೇನೆ ಎಂದು ದಬಾಯಿಸಿ ಹಾಕಿಸಿದೆ. ನೋಡಲು ಕಾರು ಚೆನ್ನಾಗಿಯೇ ಕಂಡಿತು. ಮೊದಲಿಗಿಂತ ಎತ್ತರವಾಗಿತ್ತು, ಆದರೂ ಸೊಗಸಾಗಿ ತಗ್ಗಿತ್ತು. ಪ್ರಾಪ್ತಿ ಫೋಟೋ ತೆಗೆದಳು. ಒಬ್ಬನೇ ಓಡಿಸಿ ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಭಾನುವಾರ ಬೆಳಿಗ್ಗೆ ಜಲಜಳ ಎದುರು ನಿಂತು, "ಎಲ್ಲ ಹೊಸದು ಹಾಕಿಸಿದ್ದೇನೆ. ಒಂದು ಸಲ ದಾದರಿಗೆ ಹೋಗಿ ಹೂವು ತರುವ. ನೀರು ಕದಡದ ಹಾಗೆ ಹೋಗುತ್ತದೆ" ಎಂದೆ. ಅವಳು ನನ್ನ ಮುಖ ನೋಡಿದಳು. ಇಷ್ಟು ದಿನದ ಮೇಲೆ ಅವಳಿಗೂ ಸ್ವಲ್ಪ ಮನಸ್ಸಿತ್ತೋ ಏನೋ, ಹೊರಟಳು. ಕೂರುವ ಮೊದಲು ಸೀಟಿನ ಮೇಲಿದ್ದ ಲೋಟಗಳ ಚೀಲವನ್ನು ಎತ್ತಿ ಹಿಂದಕ್ಕೆ ಹಾಕಿದಳು. ಅದು ನನಗೆ ಒಳ್ಳೆಯ ಶಕುನವೆನಿಸಿತು.

ಗೇಟಿನ ಹಂಪು ಬಂತು. ಮುಂದಿನ ಚಕ್ರಗಳು ಕಲ್ಲಿನ ಮೆಟ್ಟಿಲು ಹತ್ತಿದ ಹಾಗೆ ಧಡ್ ಎಂದು ಹತ್ತಿ ಧಡ್ ಎಂದು ಇಳಿದವು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಚಕ್ರಗಳು ಬಂದವು. ಅವು ಇಳಿದ ಮೇಲೆಯೂ ಹಿಂಭಾಗ ಸುಮ್ಮನಾಗಲಿಲ್ಲ. ಜೋಲಿಯ ಹಾಗೆ ಮೇಲೆ, ಕೆಳಗೆ, ಮತ್ತೆ ಮೇಲೆ. ಹೈವೇಗೆ ಬಂದ ಮೇಲೆ ಮುಂಭಾಗ ಬೈಯುತ್ತ, ಹಿಂಭಾಗ ಅಳುತ್ತ ಎರಡೂ ಒಂದೇ ರಸ್ತೆಯಲ್ಲಿ ಓಡಿದವು. ಬ್ರೇಕು ಹಾಕಿದರೆ ಕಾರು ದೊಡ್ಡವರ ಕಾಲಿಗೆ ಬಿದ್ದಂತೆ ಮೂಗು ಬಗ್ಗಿಸುತ್ತಿತ್ತು, ಬಿಟ್ಟರೆ ಹಿಂದಕ್ಕೆ ವಾಲಿ ಆಕಾಶ ನೋಡುತ್ತಿತ್ತು. ಜಲಜ ಒಂದು ಕೈಯಲ್ಲಿ ಬೆನ್ನು, ಇನ್ನೊಂದು ಕೈಯಲ್ಲಿ ಬಾಯಿ ಹಿಡಿದುಕೊಂಡಿದ್ದಳು.

"ಹ್ವಾಯ್, ಎಷ್ಟ್ ಅಂಗಡಿಯಂಗೆ ತಂದ್ರಿ ಇದನ್ನ?" ಎಂದಳು ಸಾಂತಾಕ್ರೂಜಿನ ಹತ್ತಿರ.

"ಮೂರು" ಎಂದೆ. ಸುಳ್ಳು ಹೇಳಲು ನನಗೂ ಉಸಿರಿರಲಿಲ್ಲ.

"ಮೂರಾ? ನಾನ್ ಎರಡ್ ಅಂದ್ಕಂಡಿದ್ದೆ. ಮುಂದಿನ ಕಾರಂಗೆ ನಾವಿತ್ತ್, ಹಿಂದಿನ ಕಾರ್ ನಮ್ಮನ್ನ ಅಟ್ಟಿಸ್ಕಂಡ್ ಬತ್ತಾ ಇತ್ತ್. ನಿಲ್ಸಿ ಮಾರಾಯ್ರೆ, ನಂಗೆ ವಾಂತಿ ಬತ್ತಿತ್."

ನಿಲ್ಲಿಸಿದೆ. ಅವಳು ಇಳಿದು, ಸೆರಗು ಸರಿಮಾಡಿಕೊಂಡು, ರಿಕ್ಷಾ ಹಿಡಿದು ಮನೆಗೆ ಹೋದಳು. ಹೋಗುವಾಗ ಬೈಯಲಿಲ್ಲ. "ನೀವ್ ನಿಧಾನ ಬನ್ನಿ" ಎಂದಳು, ಕಾಯಿಲೆಯವರಿಗೆ ಹೇಳುವ ದನಿಯಲ್ಲಿ.

ಆ ದಿನ ನಾನು ದಾದರಿಗೆ ಹೋಗಲಿಲ್ಲ. ಹೈವೇ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಕೂತಿದ್ದೆ. ಮೂರು ಅಂಗಡಿಯಲ್ಲಿ ಮೂರು ಸಲ ಗೆದ್ದವನು ನಾನು. ಗೆದ್ದದ್ದೆಲ್ಲ ಸೇರಿ ಒಬ್ಬ ಹೆಂಗಸನ್ನು ಪಾರ್ಲೆಯಿಂದ ಬಾಂದ್ರಾಕ್ಕೆ ಕರೆದೊಯ್ಯಲು ಸಾಲಲಿಲ್ಲ. ಮರುದಿನ ಅದೇ ಬಿಳಿ ಗಡ್ಡದ ಮುದುಕನ ಅಂಗಡಿಗೆ ಹೋಗಿ, ಪೂರ್ತಿ ಸೆಟ್ಟು ಕೊಡು ಎಂದೆ. ಅವನು ಬೆಲೆ ಹೇಳಿದ. ನಾನು ಸುಮ್ಮನೆ ಕೊಡಲು ಹೋದೆ. ಅವನಿಗೆ ಗಾಬರಿಯಾಯಿತು. ನನ್ನ ಆರೋಗ್ಯಕ್ಕೆ ಏನೋ ಆಗಿರಬೇಕೆಂದು, "ತಬಿಯತ್ ಠೀಕ್ ಹೈ ನಾ, ಸೇಠ್?" ಎಂದು ಕೇಳಿ, ನಾನು ಕೇಳದೆಯೇ ಸ್ವಲ್ಪ ಕಡಿಮೆ ಮಾಡಿದ, ಮೇಲೆ ನಾಲ್ಕು ರಬ್ಬರು ಸ್ಟಾಪರನ್ನೂ ಪುಕ್ಕಟೆ ಕೊಟ್ಟ. ಜೀವಮಾನವಿಡೀ ಬಾಯಿ ಬಡಿದುಕೊಂಡು ಸಂಪಾದಿಸಿದ ವಿದ್ಯೆಗಿಂತ ಸೋತ ಮುಖಕ್ಕೆ ಹೆಚ್ಚು ರಿಯಾಯಿತಿ ಸಿಗುತ್ತದೆ ಎಂದು ನನಗೆ ಮೊದಲೇ ಯಾರಾದರೂ ಹೇಳಬಾರದಿತ್ತೇ?

ಮಲ್ಲಪ್ಪ ಹಾಕಿದ, ಚಕ್ರಗಳ ಅಲೈನ್‌ಮೆಂಟು ಮಾಡಿಸಿದ. ಈ ಸಲ ನಾನು ಒಬ್ಬನೇ ಪರೀಕ್ಷೆ ಮಾಡಿದೆ, ಅದೂ ನಮ್ಮ ದಂಧೆಯ ರೀತಿಯಲ್ಲಿ. ಒಂದು ತಪ್ಪಲೆಯಲ್ಲಿ ಕುತ್ತಿಗೆಯವರೆಗೆ ನೀರು ತುಂಬಿ, ಮುಚ್ಚಳ ಹಾಕದೆ, ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿದೆ. ಪಾರ್ಲೆಯಿಂದ ಬಾಂದ್ರಾದವರೆಗೆ ಮೂರು ಸಲ ಹೋಗಿ ಬಂದೆ. ಒಂದು ಸಿಗ್ನಲ್ಲಿನಲ್ಲಿ ಟ್ರಾಫಿಕ್ ಹವಾಲ್ದಾರ ಒಳಗೆ ಇಣುಕಿ, ಬೆಲ್ಟು ಹಾಕಿಕೊಂಡ ತಪ್ಪಲೆಯನ್ನು ನೋಡಿ, ಏನೂ ಕೇಳದೆ ಮುಂದೆ ಹೋಗು ಎಂದು ಕೈ ಬೀಸಿದ. ಸೀಟು ಅಲ್ಲಲ್ಲಿ ಒದ್ದೆಯಾದದ್ದು ಬಿಟ್ಟರೆ ತಪ್ಪಲೆ ತುಂಬಿಯೇ ಇತ್ತು. ಹೊಂಡ ಬಂದರೆ ಕಾರು ಒಮ್ಮೆ ಬಗ್ಗಿ, ಎದ್ದು, ಸುಮ್ಮನಾಗುತ್ತಿತ್ತು. ಒಗೆಯುವವನು ಒಗೆದ, ಹಿಡಿಯುವವನು ಹಿಡಿದ. ತಗ್ಗು ಕಾರಿನವರೇ, ನಿಮಗೆ ನನ್ನ ಸಲಹೆ ಇಷ್ಟೇ: ದಿನಾ ಓಡಿಸುವುದಾದರೆ ಬೆರಳಿಗಿಂತ ಹೆಚ್ಚು ತಗ್ಗಿಸಬೇಡಿ, ಕೊಯ್ದ ಸ್ಪ್ರಿಂಗಿನ ಹತ್ತಿರ ಸುಳಿಯಬೇಡಿ, ಸೆಟ್ಟು ಒಡೆಯಬೇಡಿ. ಇದಕ್ಕಾಗಿ ನಾನು ಕೊಟ್ಟ ಬೆಲೆ ಅಂಗಡಿಯವನು ಹೇಳಿದ್ದಕ್ಕಿಂತ ಬಹಳ ಹೆಚ್ಚು.

ಕಾರು ಸಿದ್ಧವಾಯಿತು, ಹೆಂಡತಿ ಸಿದ್ಧಳಾಗಲಿಲ್ಲ. ಅಷ್ಟರಲ್ಲಿ ಅವಳಿಗೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಒಂದು ಬಳಗವೇ ಆಗಿತ್ತು. ಅಲ್ಲಿ ಬೀನ್ಸು ಮುರಿಯುತ್ತಾರಂತೆ, ಹಾಡು ಹೇಳುತ್ತಾರಂತೆ, ಇವಳ ಬಡ್ತಿಗೆ ಕೇಕು ಕತ್ತರಿಸಿದ್ದರಂತೆ. ನನ್ನ ತಪ್ಪಲೆಯ ಪರೀಕ್ಷೆಯನ್ನು ವಿವರವಾಗಿ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

"ವಾರಕ್ಕೆ ಐದು ದಿನ ಬಾ" ಎಂದೆ.

"ಒಂದ್ ದಿನ ಬತ್ತೆ."

"ನಾಲ್ಕು."

ಅವಳು ಮೊರ ಹಿಡಿದುಕೊಂಡು ಎದ್ದು ಅಡುಗೆಮನೆಯ ಕಡೆ ಹೊರಟಳು. ಕಾರು ಕೊಳ್ಳಲು ಹೋಗಿ ಬಾಂದ್ರಾದ ರಸ್ತೆಗೆ ಇಳಿದಾಗ ನಾನು ಹೇಗೆ ಹೊರಟಿದ್ದೆನೋ ಹಾಗೆಯೇ, ಅವಸರವಿಲ್ಲದೆ. ನನಗೆ ಗೊತ್ತಿತ್ತು, ಇದು ಎದ್ದು ಹೋಗುವ ನಾಟಕ. ಗೊತ್ತಿದ್ದೂ ಕೂಗಿದೆ. "ಆಯ್ತು ಮಾರಾಯ್ತಿ, ಎರಡು!"

"ಮಂಗಳವಾರ, ಶುಕ್ರವಾರ" ಎಂದಳು ತಿರುಗದೆ. "ಕಾರಂಗೆ ಗಿರಾಕಿ ಫೋನ್ ಬಂದ್ರೆ ಎತ್ತುಕಾಗ. ನಂಗೆ ಬುದ್ಧಿ ಹೇಳುಕಾಗ. ಹೌದಾದ್ರೆ ಹೇಳಿ."

ಹೌದು ಎಂದೆ. ಅಷ್ಟು ಕಠಿಣ ಕರಾರಿಗೆ ನಾನು ಯಾವ ಹೋಟೆಲಿನವನ ಎದುರೂ ಒಪ್ಪಿದ್ದಿಲ್ಲ.

ಮಂಗಳವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಫೋನು ಆಫ್ ಮಾಡಿ ಕೂತೆ. ಹೇಳಬೇಕಾದದ್ದು, ಕೇಳಬೇಕಾದದ್ದು ಎರಡು ತಿಂಗಳಿನದು ತಲೆಯಲ್ಲಿ ಒತ್ತೊತ್ತಿ ತುಂಬಿಕೊಂಡಿತ್ತು. ಜಲಜ ಬಂದು ಕೂತಳು, ಬೆಲ್ಟು ಹಾಕಿಕೊಂಡಳು. ಗೇಟಿನ ಹಂಪಿನಲ್ಲಿ ಎರಡೂ ಕೈಯಲ್ಲಿ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದಾಟಿದ ಮೇಲೆ ದಾಟಿಯಾಯಿತೇ ಎಂಬಂತೆ ಹಿಂದಕ್ಕೆ ತಿರುಗಿ ನೋಡಿದಳು. "ಹೂಂ, ಅಡ್ಡಿಲ್ಲೆ" ಎಂದಳು. ಅವಳ ಬಾಯಿಂದ ಅದು ಚಿನ್ನದ ಪದಕ. ನಾನು ಗಂಟಲು ಸರಿಮಾಡಿಕೊಂಡು, ಹೊಸ ಕುರ್ಚಿ ಹೇಗಿದೆ, ಆಫೀಸಿನಲ್ಲಿ ಈಗ ನಿನ್ನ ಕೈಕೆಳಗೆ ಎಷ್ಟು ಜನ ಎಂದು ಕೇಳಿದೆ. ಹೈವೇಯ ಮೇಲೆ ಕಾರು ತೊಟ್ಟಿಲಿನ ಹಾಗೆ ಹೋಗುತ್ತಿತ್ತು. ನೋಡಿದರೆ ಅವಳ ತಲೆ ಕಿಟಕಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆ. ಗಾಢ ನಿದ್ದೆ.

ಬೆಳಗಿನ ಐದಕ್ಕೆ ಎದ್ದು ಮೂವರ ಡಬ್ಬಿ ಕಟ್ಟುವವಳು. ಎಬ್ಬಿಸಲು ಮನಸ್ಸಾಗಲಿಲ್ಲ. ಶುಕ್ರವಾರವೂ ಹಾಗೆಯೇ ಆಯಿತು. ಮುಂದಿನ ಮಂಗಳವಾರವೂ. ಆ ವಾರದ ಶುಕ್ರವಾರ ತಡೆಯಲಾರದೆ, ಅವಳು ಎಚ್ಚರಾಗಲಿ ಎಂದು, ಖಾರ್ ಹತ್ತಿರ ಒಂದು ಒಳ್ಳೆಯ ಅಗಲವಾದ ಹೊಂಡ ಕಂಡಾಗ, ದೇವರಾಣೆಗೂ ಬೇಕೆಂದೇ, ಅದರ ನಡುಮಧ್ಯಕ್ಕೆ ಕಾರು ಇಳಿಸಿದೆ. ಕಾರು ಒಮ್ಮೆ ಮೆತ್ತಗೆ ಬಗ್ಗಿ, ಎದ್ದು, ಸುಮ್ಮನೆ ಮುಂದೆ ಹೋಯಿತು. ಜಲಜ ತುಟಿ ಚಪ್ಪರಿಸಿ, ಆಚೆ ಮಗ್ಗುಲಿಗೆ ತಿರುಗಿದಳು.